ನಮ್ಮಪ್ಪ ಹಾಕಿದ ಸಹಿ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಕ್ಕಳಿಗೆ ಪೌರನೀತಿ ಪಾಠ ಮಾಡಿದ್ದೇನೆ. ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಅದೇ ಮೆಟ್ಟಿಲುಗಳನ್ನು ಬರೆಯುತ್ತಿದ್ದೆ. ತೀರ ಕೆಳಗೆ ಗ್ರಾಮ ಪಂಚಾಯ್ತಿ, ಅದರ ಮೇಲೆ ತಾಲ್ಲೂಕು, ಅದರ ಮೇಲೆ ಜಿಲ್ಲೆ, ಆಮೇಲೆ ಬೆಂಗಳೂರಿನ ವಿಧಾನಸಭೆ, ಎಲ್ಲಕ್ಕೂ ಮೇಲೆ ದಿಲ್ಲಿಯ ಸಂಸತ್ತು. ಜನ ಓಟು ಹಾಕುತ್ತಾರೆ. ಗೆದ್ದವರು ಜನರ ಪರವಾಗಿ ಕೂತು ಮಾತಾಡುತ್ತಾರೆ. ಮಾತಾಡಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಬರೆದದ್ದರ ಪ್ರಕಾರ ಅಧಿಕಾರಿಗಳು ನಡೆಯುತ್ತಾರೆ. ಕೆಳಗೆ ಅನ್ಯಾಯವಾದರೆ ಮೇಲಿನ ಮೆಟ್ಟಿಲಿಗೆ ದೂರು ಕೊಡಬಹುದು. ಪರೀಕ್ಷೆಯಲ್ಲಿ ತಪ್ಪದೆ ಬರುವ ಪ್ರಶ್ನೆ ಅದು. ಈ ಪಾಠ ಸುಳ್ಳು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ನಮ್ಮೂರಿನಲ್ಲಿ ಎಲ್ಲವೂ ಆ ಪಾಠದಲ್ಲಿದ್ದಂತೆ, ಒಂದು ಮೆಟ್ಟಿಲೂ ತಪ್ಪದೆ ನಡೆಯಿತು. ನನಗೆ ಸಿಟ್ಟಿರುವುದೇ ಅದಕ್ಕೆ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ, ತೆರಕಣಾಂಬಿ ಇನ್ನೂ ಬರುವ ಮೊದಲೇ ಇಳಿದು, ಗಾಡಿ ಜಾಡು ಹಿಡಿದು ಎರಡು ಮೈಲಿ ನಡೆದರೆ ನಮ್ಮೂರು. ಊರು ಅಂದರೆ ಜಮೀನಿದ್ದವರ ಮೂರು ಬೀದಿ, ಚಾವಡಿ, ದೇವಸ್ಥಾನ, ಬಾವಿ. ಹಳ್ಳದ ಈಚೆಗೆ ನಮ್ಮ ಕೇರಿ. ಕೇರಿ ಊರಿಗೆ ಸೇರಿದ್ದು ಸರ್ಕಾರದ ಕಾಗದದಲ್ಲಿ ಮತ್ತು ನಾಟಿ, ಕಳೆ, ಕುಯಿಲಿನ ಕಾಲದಲ್ಲಿ. ಉಳಿದಂತೆ ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು.

ನಮ್ಮ ಕೇರಿಯಲ್ಲಿ ಬಾವಿ ಇರಲಿಲ್ಲ. ಅವ್ವ ದಿನಾ ಬೆಳಗ್ಗೆ ಎರಡು ಮಡಕೆ ತೆಗೆದುಕೊಂಡು ಊರ ಬಾವಿಯ ಹತ್ತಿರ ಹೋಗುತ್ತಿದ್ದಳು. ಹತ್ತಿರ ಅಂದರೆ, ಬಾವಿಕಟ್ಟೆಗೆ ಹತ್ತು ಮಾರು ದೂರದಲ್ಲಿದ್ದ ಬೇವಿನ ಮರದವರೆಗೆ. ಅಲ್ಲಿ ಮಡಕೆ ಇಟ್ಟುಕೊಂಡು ನಿಲ್ಲಬೇಕು. ಊರಿನ ಯಾರಾದರೂ ಹೆಂಗಸು ತನ್ನ ಕೊಡ ತುಂಬಿದ ಮೇಲೆ, ಮನಸ್ಸು ಬಂದರೆ, ಒಂದೆರಡು ಬಿಂದಿಗೆ ಸೇದಿ ತಂದು ಮೇಲಿನಿಂದ ಸುರಿಯುತ್ತಿದ್ದಳು. ಸುರಿದದ್ದರಲ್ಲಿ ಅರ್ಧ ಮಡಕೆಗೆ, ಅರ್ಧ ಅವ್ವನ ಕಾಲಿಗೆ. ಮನಸ್ಸು ಬರದಿದ್ದರೆ ಹೊತ್ತು ನೆತ್ತಿಗೇರುವವರೆಗೂ ನಿಲ್ಲಬೇಕು. “ಒಸಿ ನೀರ ಬುಡ್ರವ್ವಾ,” ಅಂತ ಅವ್ವ ಕೇಳುತ್ತಿದ್ದಳು. ಅವಳ ಬಾಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತು ಅದು. ನನ್ನ ಹೆಸರು ಹಿಡಿದೂ ಅವಳು ಅಷ್ಟು ಸಲ ಕರೆದಿರಲಾರಳು.

ಐವತ್ತೆರಡರ ಚುನಾವಣೆಯಲ್ಲಿ ಅಪ್ಪ ಅವ್ವ ಇಬ್ಬರೂ ಓಟು ಹಾಕಿದರು. ಆಗ ಚೀಟಿಯ ಮೇಲೆ ಮುದ್ರೆ ಒತ್ತುವುದು ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಬೇಕಾದವನ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಹೊರಗೆ ಬಂದರೆ ಮುಗಿಯಿತು. ಊರಿನವರೆಲ್ಲ ಮುಗಿಸುವತನಕ ನಮ್ಮ ಕೇರಿಯವರು ದೂರದಲ್ಲಿ ಕಾದು ಕೂತಿದ್ದು ಆಮೇಲೆ ಒಳಗೆ ಹೋದರು. ಅಪ್ಪನಿಗೆ ಅದರ ಬಗ್ಗೆ ಒಂದಿಷ್ಟೂ ಬೇಸರವಿರಲಿಲ್ಲ.

“ಯಜಮಾನ್ರ ಚೀಟೀನೂ ನನ್ ಚೀಟೀನೂ ಒಂದೇ ತರ ಇದ್ದೊ ಕಣ್ಲಾ ಮಗ,” ಅಂತ ಬೆರಳಿನ ಶಾಯಿ ತೋರಿಸಿಕೊಂಡು ವಾರವೆಲ್ಲ ಹೇಳಿದ. “ಬಣ್ಣನೂ ಒಂದೆ, ಅಳ್ತೇನೂ ಒಂದೆ.”

ಅವ್ವನಿಗೆ ಅಷ್ಟು ಸಂಭ್ರಮ ಆದಂತಿರಲಿಲ್ಲ. “ಇಷ್ಟೆಯಾ? ಆಕ್ಬುಟ್ಟು ಬಂದ್ರ ಆಗೋಯ್ತಾ? ಬಾವಿ ಯಾವಾಗ ತೋಡ್ತರ?” ಅಂದಳು. ಅಪ್ಪ ನನ್ನ ಮುಖ ನೋಡಿದ. ನಾನು ಓದಿದವನಲ್ಲವೇ, ಮೆಟ್ಟಿಲುಗಳ ಪಾಠವನ್ನು ಅವರಿಬ್ಬರಿಗೂ ಒಪ್ಪಿಸಿದೆ.

ನಾನಾಗ ಗುಂಡ್ಲುಪೇಟೆಯ ಕಡೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಕೇರಿಯಲ್ಲಿ ಓದಿ ಕೆಲಸಕ್ಕೆ ಸೇರಿದವರಲ್ಲಿ ಮೊದಲಿಗ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಊರಿಗೆ ಬಂದರೆ ಸೋಮವಾರ ಬೆಳಗ್ಗೆ ವಾಪಸು ಹೋಗುತ್ತಿದ್ದೆ. ಕಾಲಲ್ಲಿ ಚಪ್ಪಲಿ ಇತ್ತು. ಹಳ್ಳ ದಾಟಿ ಊರ ಬೀದಿಯಲ್ಲಿ ನಡೆಯುವಾಗ ಅವನ್ನು ಕೈಗೆ ತೆಗೆದುಕೊಳ್ಳುತ್ತಿದ್ದೆ. ಈ ವಿಷಯವನ್ನು ತರಗತಿಯಲ್ಲಿ ಹೇಳುತ್ತಿರಲಿಲ್ಲ.

ಹೊಸ ಪಂಚಾಯ್ತಿ ಬಂದದ್ದು ಅದಾದ ಮೇಲೆ. ಅದರಲ್ಲಿ ನಮ್ಮ ಜನಕ್ಕೆ ಒಂದು ಸ್ಥಾನ ಮೀಸಲಾಗಿತ್ತು. ಊರಿನ ಹಿರಿಯರು ದೊಡ್ಡಮನೆಯ ಜಗಲಿಯಲ್ಲಿ ಕೂತು, ಚುನಾವಣೆ ಅಂತ ಊರಿನಲ್ಲಿ ಒಡಕು ಯಾಕೆ, ಎಲ್ಲ ಅವಿರೋಧವಾಗಿ ಆಗಿಬಿಡಲಿ ಅಂತ ತೀರ್ಮಾನ ಮಾಡಿದರು. ದೊಡ್ಡಮನೆಯ ಯಜಮಾನರೇ ಚೇರ್ಮನ್ನರು. ಕೇರಿಯ ಸ್ಥಾನಕ್ಕೂ ಅವರೇ ಆಳನ್ನು ಆರಿಸಿದರು. ನಮ್ಮಪ್ಪ ವರ್ಷದ ಬಹುಪಾಲು ಅವರ ಹೊಲದಲ್ಲೇ ದುಡಿಯುತ್ತಿದ್ದ. ಕರೆದರೆ ಓಡಿ ಬರುವವನು, ಬೈದರೆ ತಲೆ ತಗ್ಗಿಸುವವನು. ಇದಕ್ಕಿಂತ ಯೋಗ್ಯತೆ ಬೇಕೇ?

“ನೋಡ್ಲಾ, ನಿಮ್ ಕೇರಿ ಕಡಿಂದ ನೀನೇಯ ಮೆಂಬ್ರು. ಎಲ್ರೂ ಒಪ್ಪವ್ರ,” ಅಂದರಂತೆ ಯಜಮಾನರು.

“ಆಗ್ಲಿ ಬುದ್ಧಿ. ಕೇರಿಗೊಂದು ಬಾವಿ ಆಗ್ಬೇಕು ಬುದ್ಧಿ,” ಅಂದನಂತೆ ಅಪ್ಪ.

“ಅದ್ಕೇನ್ಲಾ, ಆಯ್ತದ ಬುಡು.”

ಅಪ್ಪ ತನಗಾಗಿ ಯಾರನ್ನೂ ಏನನ್ನೂ ಕೇಳಿದವನಲ್ಲ. ಇದೊಂದನ್ನು ಕೇಳಿದ. ಕೇಳಿ ಬಂದವನು ಅವ್ವನ ಎದುರಿಗೆ ಕೂತು ಯಜಮಾನರ ಮಾತನ್ನು ಮೂರು ಸಲ ಹೇಳಿದ.

ನನಗೆ ತಲೆ ಕೆಡಿಸಿದ್ದು ಬೇರೆ ವಿಷಯ. ಪಂಚಾಯ್ತಿ ಮೆಂಬರು ಹೆಬ್ಬೆಟ್ಟು ಒತ್ತುವುದೇ? ಮೇಷ್ಟ್ರ ಅಪ್ಪ ಹೆಬ್ಬೆಟ್ಟು ಅಂದರೆ ನನ್ನ ಮಾನ ಏನಾಗಬೇಕು? ಎರಡು ತಿಂಗಳು, ಶನಿವಾರ ಭಾನುವಾರ ಬಿಡದೆ, ಅಪ್ಪನಿಗೆ ಅವನ ಹೆಸರಿನ ನಾಲ್ಕಕ್ಷರ ತಿದ್ದಿಸಿದೆ. ಮೊದಲು ನೆಲದ ಮೇಲೆ ಇದ್ದಿಲಿನಲ್ಲಿ, ಆಮೇಲೆ ಸ್ಲೇಟಿನಲ್ಲಿ, ಆಮೇಲೆ ಕಾಗದದಲ್ಲಿ. ಗುದ್ದಲಿ ಹಿಡಿದ ಬೆರಳುಗಳಿಗೆ ಬಳಪ ನಿಲ್ಲುತ್ತಿರಲಿಲ್ಲ. ಬೆವರುತ್ತಿದ್ದ. ನಾನು ಮಕ್ಕಳಿಗೆ ಗದರುವಂತೆ ಅವನಿಗೂ ಗದರಿದ್ದುಂಟು. ಕೊನೆಗೆ ಕಲಿತ. ಚಾಮರಾಜನಗರದ ಅಂಗಡಿಯಿಂದ ಅವನಿಗೊಂದು ಇಂಕಿನ ಪೆನ್ನು ತಂದುಕೊಟ್ಟೆ. ಅದನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಳ್ಳಲು ಅವನ ಹತ್ತಿರ ಜೇಬಿರುವ ಅಂಗಿ ಇರಲಿಲ್ಲ. ಅವ್ವ ಹಳೆಯ ಅಂಗಿಗೆ ಜೇಬು ಹೊಲಿದಳು.

ಓದುವುದನ್ನು ಕಲಿಸಲಿಲ್ಲ. ಬರುವ ಬೇಸಿಗೆ ರಜೆಯಲ್ಲಿ ಕಲಿಸೋಣ ಅಂದುಕೊಂಡೆ. ಬೇಸಿಗೆಯಲ್ಲಿ ತರಬೇತಿ ಅಂತ ಮೈಸೂರಿಗೆ ಹೋದೆ. ಅದರಾಚೆಯ ಬೇಸಿಗೆಯಲ್ಲಿ ನನ್ನ ಮದುವೆ. ನಾಲ್ಕಕ್ಷರ ಬರೆಯಬಲ್ಲ, ಒಂದಕ್ಷರ ಓದಲಾರದ ಮನುಷ್ಯನೊಬ್ಬನನ್ನು ತಯಾರು ಮಾಡಿ ನಾನು ಕೈ ತೊಳೆದುಕೊಂಡಿದ್ದೆ.

ಪಂಚಾಯ್ತಿಯ ಮೀಟಿಂಗನ್ನು ಒಮ್ಮೆ ಕಣ್ಣಾರೆ ನೋಡಿದೆ. ಸೋಮವಾರ ರಜೆ ಇದ್ದದ್ದರಿಂದ ಊರಲ್ಲೇ ಉಳಿದಿದ್ದೆ. ಚಾವಡಿಗೆ ಮೂರು ಕಲ್ಲಿನ ಮೆಟ್ಟಿಲು. ಮೇಲೆ ಜಮಖಾನದ ಮೇಲೆ ಚೇರ್ಮನ್ನರು, ಮೂವರು ಮೆಂಬರುಗಳು, ಸೆಕ್ರೆಟರಿ. ಕೆಳಗೆ ಅಂಗಳದ ಹೊಂಗೆ ಮರದ ಹತ್ತಿರ, ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು, ಐದನೆಯ ಮೆಂಬರಾದ ನಮ್ಮಪ್ಪ. ನಿಂತಿದ್ದ. ಅವರು ಮೇಲೆ ಕರೆಯಲಿಲ್ಲ, ಇವನು ಹತ್ತಲಿಲ್ಲ. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮೇಲಿನ ಮಾತು ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಯಾರಾದರೂ ನಕ್ಕರೆ ಅಪ್ಪನೂ ನಗುತ್ತಿದ್ದ.

ಮುಗಿದ ಮೇಲೆ ಸಹಿ. ಅದಕ್ಕೊಂದು ಕ್ರಮವಿತ್ತು. ಅಪ್ಪ ಮುಟ್ಟಿದ ಪುಸ್ತಕವನ್ನು ಇನ್ನೊಬ್ಬರು ಮುಟ್ಟಿ ಸಹಿ ಮಾಡುವುದು ಹೇಗೆ? ಆದ್ದರಿಂದ ಮೊದಲು ಮೇಲಿನವರೆಲ್ಲ ಸಹಿ ಹಾಕಿ ಎದ್ದು ಹೋಗುತ್ತಿದ್ದರು. ಕೊನೆಗೆ ಸೆಕ್ರೆಟರಿ ನಡವಳಿ ಪುಸ್ತಕವನ್ನು ತಂದು ಕೆಳಗಿನ ಮೆಟ್ಟಿಲ ಮೇಲೆ ಬಿಚ್ಚಿಟ್ಟು, ಸಹಿ ಎಲ್ಲಿ ಅಂತ ಬೆರಳು ತೋರಿಸಿ ಹಿಂದಕ್ಕೆ ಸರಿಯುತ್ತಿದ್ದರು. ಅಪ್ಪ ಕುಕ್ಕುರುಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ನಾಲ್ಕಕ್ಷರ ಬರೆದು ದೂರ ಹೋಗುತ್ತಿದ್ದ. ಆಮೇಲೆ ಸೆಕ್ರೆಟರಿ ಪುಸ್ತಕವನ್ನು ಒಂದು ಬಟ್ಟೆಯಲ್ಲಿ ಹಿಡಿದೆತ್ತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಮಾರನೆಯ ದಿನ ಅದೇ ಪುಸ್ತಕವನ್ನು ಅವರು ಬರಿಗೈಯಲ್ಲೇ ಹಿಡಿಯುತ್ತಿದ್ದರು. ಒಂದು ದಿನ ಕಳೆದರೆ ಮೈಲಿಗೆ ಇರುವುದಿಲ್ಲವಂತೆ.

ಆವತ್ತು ನಾನು ಅಪ್ಪನ ಬೆನ್ನ ಹಿಂದೆ ನಿಂತು ಇಣುಕಿ ನೋಡಿದೆ. ಪುಟದ ಕೆಳಗೆ ಐದು ಗುರುತು. ಮೂರು ಸಹಿ, ಆಮೇಲೆ ಮುದುಕ ಮೆಂಬರೊಬ್ಬರ ಹೆಬ್ಬೆಟ್ಟು, ಅದರ ಕೆಳಗೆ ಇನ್ನೂ ಹಸಿಯಾಗಿದ್ದ ನಮ್ಮಪ್ಪನ ಹೆಸರು. ಜಮೀನ್ದಾರರು ಹೆಬ್ಬೆಟ್ಟು, ನಮ್ಮಪ್ಪ ಸಹಿ! ನನಗೆ ಎದೆ ಉಬ್ಬಿತು. ಪುಟದ ಮೇಲಿನ ಅರ್ಧ ಖಾಲಿ ಇತ್ತು. ಅದನ್ನೂ ನೋಡಿದೆ. ನಡವಳಿಯನ್ನು ಸೆಕ್ರೆಟರಿ ಮನೆಯಲ್ಲಿ ಸಾವಕಾಶವಾಗಿ ಕೂತು ಬರೆಯುತ್ತಾರೆ ಅಂತ ಯಾರೋ ಹೇಳಿದ್ದರು. ಖಾಲಿ ಜಾಗದ ಕೆಳಗೆ ಸಹಿ ಹಾಕಬಾರದು ಅಂತ ಯಾವ ಮೇಷ್ಟ್ರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಅಕ್ಷರ ದುಂಡಗೆ ಬಂದಿದೆಯೇ ಅಂತ ನೋಡುವ ಭರದಲ್ಲಿ ನಾನು ಬಾಯಿ ಬಿಡಲಿಲ್ಲ.

ಅದಾಗಿ ಒಂದು ವರ್ಷದೊಳಗೆ ಕೇರಿಗೆ ಬಾವಿ ಮಂಜೂರಾಯಿತು. ನಿಜವಾಗಿಯೂ ಆಯಿತು. ಹರಿಜನರ ಕೇರಿಗಳಿಗೆ ಕುಡಿಯುವ ನೀರಿನ ಬಾವಿ ಅಂತ ಸರ್ಕಾರ ಕೊಟ್ಟಿದ್ದರಲ್ಲಿ ನಮ್ಮ ಕೇರಿಯ ಹೆಸರೂ ಇತ್ತು. ಓವರ್‌ಸಿಯರ್ ಒಬ್ಬರು ಬಂದು ನಮ್ಮ ಮನೆಯ ಎದುರಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಒಂದು ವೃತ್ತ ಎಳೆದು ಹೋದರು. ಅವ್ವ ಆ ವೃತ್ತವನ್ನು ಕಾದಳು. ಕೋಳಿ ಕೆದಕದಂತೆ ಓಡಿಸಿದಳು, ಎತ್ತು ತುಳಿಯದಂತೆ ಬೇರೆ ಕಡೆ ಕಟ್ಟಿಸಿದಳು. ಕೇರಿಯವರು ಅದನ್ನು ತುಳಿಯದೆ ಸುತ್ತಿ ಬಳಸಿ ಓಡಾಡಿದರು. ಮಳೆ ಬಂದು ಸುಣ್ಣ ತೊಳೆದುಹೋಗಬಹುದು ಅಂತ ಅವ್ವ ಹಳ್ಳದಿಂದ ಗುಂಡುಕಲ್ಲು ಹೊತ್ತು ತಂದು ಗೆರೆಯ ಉದ್ದಕ್ಕೂ ಜೋಡಿಸಿದಳು. ನಾನು ಊರಿಗೆ ಬಂದಾಗಲೆಲ್ಲ ಕಲ್ಲುಗಳನ್ನು ತೋರಿಸಿ, “ನೋಡ್ಲಾ, ಅಲ್ಲಾಡಿಲ್ಲ,” ಅನ್ನುತ್ತಿದ್ದಳು.

ಮಳೆಗಾಲ ಕಳೆಯಿತು. ಒಂದು ಶನಿವಾರ ಬಂದಾಗ ಊರಿನ ಮೂಡಗಡೆಯ ಬೀದಿಯ ಕೊನೆಯಲ್ಲಿ, ದೊಡ್ಡಮನೆಯ ಹಿತ್ತಿಲ ಬೇಲಿಗೆ ಅಂಟಿಕೊಂಡಂತೆ ಮಣ್ಣಿನ ಗುಡ್ಡೆ ಕಂಡಿತು. ಬಾವಿ ತೋಡುತ್ತಿದ್ದರು. ಅಪ್ಪನೂ ಅಲ್ಲೇ ಮಂಕರಿಯಲ್ಲಿ ಮಣ್ಣು ಹೊರುತ್ತಿದ್ದ. ದಿನಗೂಲಿಗೆ ಕರೆದಿದ್ದರು. ಅದು ಊರಿಗೆ ಇನ್ನೊಂದು ಬಾವಿ, ನಮ್ಮದು ಆಮೇಲೆ ಅಂತ ಅವನು ತಿಳಿದುಕೊಂಡಿದ್ದ. ಸಂಜೆ ನಾನು ಒತ್ತಾಯ ಮಾಡಿದ್ದರಿಂದ ಹೋಗಿ ಯಜಮಾನರನ್ನು ಕೇಳಿದ.

“ಬುದ್ಧಿ, ಕೇರಿ ಬಾವಿ ಯಾವಾಗ ಬುದ್ಧಿ?”

“ಇದೇ ಕಣ್ಲಾ ಅದು. ಇಲ್ಗ ಬದ್ಲಾಯಿಸಿ ರೆಜುಲೇಸನ್ ಆಯ್ತಲ್ಲ. ನೀನೇ ಸೈನಾಕಿದೈ, ಮರ್ತ್‌ಬುಟ್ಯಾ?”

ಅಪ್ಪ ಮನೆಗೆ ಬಂದು, “ನಾನು ಯಾವತ್ಲಾ ಆಕ್ದೆ?” ಅಂತ ನನ್ನನ್ನು ಕೇಳಿದ. ಸಿಟ್ಟಿನಿಂದ ಅಲ್ಲ. ನಿಜವಾಗಿಯೂ ತಾನೇ ಮರೆತಿರಬಹುದು ಅಂತ ಅವನಿಗೆ ಅನುಮಾನ ಬಂದಿತ್ತು.

ನಾನು ಮೆಟ್ಟಿಲು ಹತ್ತಲು ಹೊರಟೆ. ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೋದೆ. ಕಚೇರಿಯಲ್ಲಿ ಅಧಿಕಾರಿಯೊಬ್ಬರು ಕೂರಿಸಿ ಮಾತಾಡಿದರು. ಹೌದು, ಬೆಂಚಿನ ಮೇಲೆ ಕೂರಿಸಿದರು. ಕೆಟ್ಟ ಮನುಷ್ಯರಲ್ಲ. ಫೈಲು ತರಿಸಿ ಅದರಲ್ಲಿದ್ದ ನಡವಳಿಯ ಮೂಲ ಹಾಳೆಯನ್ನು ಗಟ್ಟಿಯಾಗಿ ಓದಿದರು. ಕೇರಿಯ ಜಾಗ ತಗ್ಗಿನಲ್ಲಿರುವುದರಿಂದ, ಅಲ್ಲಿ ಸಿಗುವ ನೀರು ಸವುಳು ಆಗುವುದರಿಂದ, ಬಾವಿಯನ್ನು ಊರಿನ ಮೂಡಗಡೆಗೆ ಬದಲಾಯಿಸಲು ಸರ್ವಾನುಮತದಿಂದ ತೀರ್ಮಾನಿಸಿದೆ. ಸೂಚಿಸಿದವರು ಚೇರ್ಮನ್ನರು. ಅನುಮೋದಿಸಿದವರು ಹರಿಜನ ಸದಸ್ಯರು.

ಅಪ್ಪ ನನ್ನ ಕಡೆ ವಾಲಿ, “ಅನುಮೋದ್ಸದು ಅಂದ್ರ ಏನ್ಲಾ?” ಅಂತ ಪಿಸುಗುಟ್ಟಿದ.

“ಇವರಿಗೆ ಓದಲು ಬರುವುದಿಲ್ಲ ಸಾರ್. ಬರೆಯದೆ ಇದ್ದ ಪುಟಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ,” ಅಂದೆ ನಾನು.

ಅಧಿಕಾರಿ ಫೈಲನ್ನು ನಮ್ಮ ಕಡೆಗೆ ತಿರುಗಿಸಿದರು. ಮುದುಕ ಮೆಂಬರ ಹೆಬ್ಬೆಟ್ಟಿನ ಜಾಗದಲ್ಲಿ ಬೆರಳಿಟ್ಟರು. ಅದರ ಪಕ್ಕದಲ್ಲಿ ಸಣ್ಣಗೆ, ‘ಓದಿ ಹೇಳಲಾಗಿದೆ, ಒಪ್ಪಿ ಒತ್ತಿರುತ್ತಾರೆ’ ಅಂತ ಸೆಕ್ರೆಟರಿಯ ಷರಾ ಇತ್ತು. “ನೋಡಿ ಮೇಷ್ಟ್ರೇ, ನಿಮ್ಮ ತಂದೆಯವರದೂ ಹೆಬ್ಬೆಟ್ಟಾಗಿದ್ದರೆ ಯಾರು ಓದಿ ಹೇಳಿದರು, ಎಲ್ಲಿ ಹೇಳಿದರು ಅಂತ ನಾನು ಸೆಕ್ರೆಟರಿಯನ್ನು ಕೇಳಬಹುದಾಗಿತ್ತು. ಇವರು ಸಹಿ ಮಾಡಿದ್ದಾರೆ. ಅದೂ ಎಂಥ ದುಂಡಾದ ಸಹಿ! ಸಹಿ ಹಾಕಿದವರು ಓದಿಯೇ ಹಾಕಿದ್ದಾರೆ ಅಂತ ನಾನು ನಂಬಬೇಕು,” ಅಂದರು.

ಆ ಸಹಿಯನ್ನು ಹಾಗೆ ಹೊಗಳಿದವರು ಅವರೊಬ್ಬರೇ. ಬಸ್ಸಿಗೆ ಕಾಯುವಾಗ ನಾನು ಅಪ್ಪನ ಮುಖ ನೋಡಲಿಲ್ಲ.

ಮುಂದಿನ ಮೆಟ್ಟಿಲು ಶಾಸಕರು. ಅವರನ್ನು ಕಾಣಲು ಚಾಮರಾಜನಗರಕ್ಕೆ ಹೋದೆವು. ಅವರು ಬೆಂಗಳೂರಿನಲ್ಲಿ ಅಧಿವೇಶನದಲ್ಲಿದ್ದರು. ಅವರ ಪಕ್ಷದ ಕೆಲಸ ನೋಡಿಕೊಳ್ಳುತ್ತಿದ್ದ ವಕೀಲರೊಬ್ಬರ ಮನೆಗೆ ಯಾರೋ ಕಳಿಸಿದರು. ವಕೀಲರು ಖಾದಿ ಜುಬ್ಬದವರು, ಮಾತು ಬಲು ಚೆನ್ನ. ನಾನು ಹೇಳಿದ್ದನ್ನೆಲ್ಲ ಕೇಳಿ, ಪಂಚಾಯ್ತಿಯೆಂದರೆ ಜನರೇ ಕಟ್ಟಿಕೊಂಡ ಸರ್ಕಾರ, ಅದು ಒಮ್ಮತದಿಂದ ಮಾಡಿದ ತೀರ್ಮಾನವನ್ನು ಬೆಂಗಳೂರಿನಲ್ಲಿ ಕೂತವರು ತಳ್ಳಿಹಾಕಿದರೆ ಅದು ಬ್ರಿಟಿಷರ ಕಾಲವಾಗುತ್ತದೆಯೇ ಹೊರತು ಪ್ರಜಾಪ್ರಭುತ್ವ ಆಗುವುದಿಲ್ಲ ಅಂತ ನನಗೇ ಪಾಠ ಹೇಳಿದರು. ನಾನು ತರಗತಿಯಲ್ಲಿ ಹೇಳುತ್ತಿದ್ದದ್ದೂ ಅದೇ. ಅಪ್ಪ ಅಂಗಳದಲ್ಲಿ ನಿಂತಿದ್ದ. “ಒಳಗೆ ಬನ್ನಿ, ಮೆಂಬರು ನೀವು,” ಅಂತ ವಕೀಲರು ನಗುತ್ತ ಕರೆದರು. ಅಪ್ಪ ಬರಲಿಲ್ಲ. ಆ ಕರೆ ಬರೀ ಬಾಯಿಮಾತಿನದು ಅಂತ ನನಗಿಂತ ಮೊದಲೇ ಅವನಿಗೆ ಗೊತ್ತಾಗಿತ್ತು.

ಆಮೇಲೆ ಬೆಂಗಳೂರಿಗೆ ಅರ್ಜಿ ಬರೆದೆ. ನಾಲ್ಕು ಪುಟ, ಮುತ್ತಿನಂಥ ಅಕ್ಷರ. ಕೆಳಗೆ ಅಪ್ಪನ ಹೆಸರು. ಅರ್ಜಿ ಹೋಯಿತು. ಯಾರೂ ಅದನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಕಳೆದುಹಾಕಲಿಲ್ಲ. ಬೆಂಗಳೂರಿನವರು ಓದಿ, ನಂಬರು ಹಾಕಿ, ವರದಿ ಕೊಡಿ ಅಂತ ಜಿಲ್ಲೆಗೆ ಕಳಿಸಿದರು. ಜಿಲ್ಲೆಯವರು ವರದಿ ಕೊಡಿ ಅಂತ ತಾಲ್ಲೂಕಿಗೆ ಕಳಿಸಿದರು. ತಾಲ್ಲೂಕಿನವರು ವರದಿ ಕೊಡಿ ಅಂತ ಪಂಚಾಯ್ತಿಗೆ ಕಳಿಸಿದರು. ನಾನು ಕರಿಹಲಗೆಯ ಮೇಲೆ ಬರೆದ ಮೆಟ್ಟಿಲುಗಳಲ್ಲಿ ಒಂದನ್ನೂ ಬಿಡದೆ ಆ ಅರ್ಜಿ ಇಳಿದು ಬಂದು, ಚೇರ್ಮನ್ನರ ಕೈ ಸೇರಿತು. ಯಾರ ಮೇಲೆ ದೂರೋ ಅವರೇ ವರದಿ ಬರೆಯಬೇಕು. ಅಕ್ಷರ ಯಾರದು ಅಂತ ಅವರಿಗೆ ಕೇಳಬೇಕಾಗಿಯೇ ಇರಲಿಲ್ಲ.

ವರದಿ ಕಳಿಸಲು ಮೀಟಿಂಗ್ ಕರೆದರು. ಆ ದಿನ ನಾನು ಬೇಕೆಂತಲೇ ರಜೆ ಹಾಕಿ ಬಂದು ಹೊಂಗೆ ಮರದ ಕೆಳಗೆ ಅಪ್ಪನ ಪಕ್ಕದಲ್ಲಿ ನಿಂತೆ. ಮೇಲೆ ಏನು ಓದಿದರೋ, ಏನು ಮಾತಾಡಿದರೋ. ಮೆಂಬರುಗಳು ಸಹಿ ಹಾಕಿದರು. ಆ ದಿನ ಯಾರೂ ಎದ್ದು ಹೋಗಲಿಲ್ಲ. ಸೆಕ್ರೆಟರಿ ಪುಸ್ತಕ ತಂದು ಕೆಳಗಿನ ಮೆಟ್ಟಿಲ ಮೇಲಿಟ್ಟು ಬೆರಳು ತೋರಿಸಿದರು.

ಅಪ್ಪ ಕುಕ್ಕುರುಗಾಲಲ್ಲಿ ಕೂತ. ಪುಸ್ತಕದ ಕಡೆ ನೋಡಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಅದರ ತಿರುಪು ಬಿಚ್ಚಿ, ಒಳಗಿದ್ದ ಇಂಕನ್ನು ಎಡಗೈ ಹೆಬ್ಬೆಟ್ಟಿನ ಮೇಲೆ ಸುರಿದುಕೊಂಡ. ಇಂಕು ಮೊಣಕೈವರೆಗೂ ಹರಿಯಿತು.

“ಓದಿ ಬುದ್ಧಿ. ಓದೇಳ್ಬುಟ್ಟು, ಓದೇಳಿವ್ನಿ ಅಂತ ಪಕ್ದಲ್ಲಿ ಬರೀರಿ. ಆಮೇಲ ಒತ್ತನಿ,” ಅಂದ.

ಚೇರ್ಮನ್ನರು ಮೇಲಿನಿಂದಲೇ, “ಯಾಕ್ಲಾ, ಸೈನಾಕಕ್ಕ ಬರ್ತಿತ್ತಲ್ಲ ನಿಂಗ?” ಅಂದರು.

“ಮರ್ತೋಯ್ತು ಬುದ್ಧಿ.”

ನಮ್ಮಪ್ಪ ಅವರ ಎದುರು ಆಡಿದ ಮೊದಲ ಸುಳ್ಳು, ಮೊದಲ ಎದುರು ಮಾತು, ಎರಡೂ ಅದೇ. ಅವನು ಹೆಬ್ಬೆಟ್ಟನ್ನು ಮುಂದಕ್ಕೆ ಚಾಚಿಕೊಂಡು ಹಾಗೇ ಕೂತಿದ್ದ.

ಆದರೆ ಪಾಠದಲ್ಲಿ ಇದಕ್ಕೂ ಉತ್ತರವಿದೆ. ಸೆಕ್ರೆಟರಿ ಪುಸ್ತಕವನ್ನು ಎತ್ತಿಕೊಂಡು ಹೋಗಿ ಚೇರ್ಮನ್ನರ ಕಿವಿಯಲ್ಲಿ ಏನೋ ಹೇಳಿದರು. ಹರಿಜನ ಸದಸ್ಯರು ಹಾಜರಿದ್ದು ಸಹಿ ಮಾಡಲು ನಿರಾಕರಿಸಿರುತ್ತಾರೆ, ನಿರ್ಣಯ ಬಹುಮತದಿಂದ ಅಂಗೀಕಾರವಾಗಿದೆ ಅಂತ ಬರೆದುಕೊಂಡರು. ನಾಲ್ಕಕ್ಕೆ ಒಂದು. ಲೆಕ್ಕ ಸರಿಯಾಗಿಯೇ ಇತ್ತು. ವರದಿ ಪಂಚಾಯ್ತಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಹತ್ತಿ ಹೋಯಿತು. ಬೆಂಗಳೂರಿನಿಂದ ಅಪ್ಪನ ಹೆಸರಿಗೆ ಒಂದು ಕಾರ್ಡು ಬಂತು. ‘ವಿಚಾರಣೆ ನಡೆಸಲಾಗಿದೆ. ಮುಂದಿನ ಕ್ರಮದ ಅಗತ್ಯ ಕಂಡುಬಂದಿಲ್ಲ.’ ಇದನ್ನು ಅಪ್ಪನಿಗೆ ಓದಿ ಹೇಳಿದವನು ನಾನೇ. ಆ ವರ್ಷದ ಕೊನೆಗೆ ನನಗೆ ಬದನಗುಪ್ಪೆಯ ಕಡೆಗೆ ವರ್ಗವಾಯಿತು. ಯಾರು ಮಾಡಿಸಿದರು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಆಡಳಿತದ ದೃಷ್ಟಿಯಿಂದ ಅಂತ ಉತ್ತರ ಬರುತ್ತಿತ್ತು.

ಅಪ್ಪ ಪೆನ್ನನ್ನು ತೊಳೆದು, ಒಣಗಿಸಿ, ನನಗೆ ವಾಪಸು ಕೊಟ್ಟ. “ಚೆನ್ನಾಗದ ಕಣ್ಲಾ, ನೀನೇ ಮಡೀಕೊ,” ಅಂದ. ಬೈದಿದ್ದರೆ ಚೆನ್ನಾಗಿತ್ತು. ಅವನು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಸಾಯುವತನಕ ಎಲ್ಲಿ ಕೇಳಿದರೂ ಹೆಬ್ಬೆಟ್ಟನ್ನೇ ಒತ್ತಿದ. ನನ್ನ ಮಗನ ಶಾಲೆಯ ಕಾಗದಕ್ಕೆ ಒಮ್ಮೆ ಅಜ್ಜನ ಸಹಿ ಬೇಕಾದಾಗಲೂ ಎಡಗೈಯನ್ನೇ ಚಾಚಿದ.

ಎರಡನೆಯ ಮಹಾಚುನಾವಣೆ ಹತ್ತಿರ ಬಂದಿತ್ತು. ಬಾವಿಯ ಕೆಲಸ ಬೇಗ ಬೇಗ ಮುಗಿಯಿತು. ಪ್ರಾರಂಭೋತ್ಸವಕ್ಕೆ ಬೆಂಗಳೂರಿನಿಂದ ದೊಡ್ಡವರು ಬರುತ್ತಾರೆ ಅಂದರು, ಅವರು ಬರಲಿಲ್ಲ. ಚಾಮರಾಜನಗರದ ಅದೇ ವಕೀಲರು ಬಂದು ರಾಟೆಗೆ ಹೂವಿನ ಹಾರ ಹಾಕಿ, ಮೊದಲ ಬಿಂದಿಗೆ ಸೇದಿ, ಹರಿಜನೋದ್ಧಾರದ ಮೇಲೆ ಭಾಷಣ ಮಾಡಿದರು. ಕೇರಿಯವರು ದೂರದಲ್ಲಿ ನಿಂತು ಕೇಳಿದರು. ಬಾವಿಯ ಕಟ್ಟೆಗೆ ಒಂದು ಕಲ್ಲು ನಿಲ್ಲಿಸಿದ್ದರು. ಮೇಲೆ ‘ಹರಿಜನ ಕೇರಿಯ ಕುಡಿಯುವ ನೀರಿನ ಬಾವಿ’ ಅಂತ ದೊಡ್ಡಕ್ಷರ. ಹಣ ಆ ಬಾಬ್ತಿನದು, ಹಾಗೆಯೇ ಬರೆಯಬೇಕು. ಅದರ ಕೆಳಗೆ ಚೇರ್ಮನ್ನರ ಹೆಸರು, ಆಮೇಲೆ ಸಾಲಾಗಿ ಮೆಂಬರುಗಳ ಹೆಸರು, ತೀರ ಕೊನೆಯಲ್ಲಿ ನಮ್ಮಪ್ಪನ ನಾಲ್ಕಕ್ಷರ. ರಾಟೆಯ ಹಗ್ಗವನ್ನು ಮಾತ್ರ ದೊಡ್ಡಮನೆಯಲ್ಲಿ ಇಟ್ಟುಕೊಂಡರು.

ಆ ಶನಿವಾರ ಬದನಗುಪ್ಪೆಯ ಕಡೆಯಿಂದ ನಾನು ಬಂದಾಗ ನಮ್ಮ ಮನೆಯ ಎದುರಿನ ಬಯಲಿನಲ್ಲಿ ವೃತ್ತದ ಕಲ್ಲುಗಳಿರಲಿಲ್ಲ. ಮೂರನ್ನು ಅವ್ವ ಒಲೆಗೆ ಹೂಡಿದ್ದಳು. ಉಳಿದವನ್ನು ಹಳ್ಳಕ್ಕೆ ಎಸೆದಿದ್ದಳು.

ಮರುದಿನ ಬೆಳಗ್ಗೆ ಅವಳ ಜೊತೆ ನಾನೂ ನೀರಿಗೆ ಹೋದೆ. ಊರ ಹೆಂಗಸರು ಹೊಸ ಬಾವಿಯ ನೀರು ಸಿಹಿ ಅಂತ ಈಗ ಇಲ್ಲಿಗೇ ಬರುತ್ತಿದ್ದರು. ಆದ್ದರಿಂದ ಅವ್ವನೂ ಇಲ್ಲಿಗೇ ಬರಬೇಕಾಗಿತ್ತು. ಕಟ್ಟೆಗೆ ಹತ್ತು ಮಾರು ದೂರದಲ್ಲಿ ಅವಳು ಮಡಕೆ ಇಳಿಸಿದಳು. ಇಲ್ಲಿ ಬೇವಿನ ಮರ ಇರಲಿಲ್ಲ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

“ನಡಿಯವ್ವ, ಸೇದು. ಕಾಗ್ದದಲ್ಲಿ ಇದು ನಮ್ದೇ ಬಾವಿ. ಕಲ್ಲ್‌ನಲ್ಲೂ ಅಂಗೇ ಬರ್ದವ್ರ,” ಅಂದೆ. ನನ್ನ ದನಿ ನನಗೇ ಹೆಚ್ಚೆನಿಸುವಷ್ಟು ಜೋರಾಗಿತ್ತು.

“ಕಾಗ್ದ ನಿಂತಾವ ಅದ. ಅಗ್ಗ ಅವ್ರತಾವ ಅದ,” ಅಂದಳು ಅವ್ವ. “ನೀನು ನಾಳಿಕ ಇಸ್ಕೂಲ್ಗ ಓಯ್ತೀಯೆ. ನಾವು ಇಲ್ಲೇ ಇರ್ಬೇಕು ಕಣ ಮಗ.”

ಅವಳು ಹಣೆಗೆ ಕೈ ಅಡ್ಡ ಹಿಡಿದು ಕಲ್ಲಿನ ಕಡೆ ಬಹಳ ಹೊತ್ತು ನೋಡಿದಳು.

“ಅದ್ರಲ್ಲಿ ನಿಮ್ಮಪ್ಪನ ಎಸ್ರು ಯಾವ್ದ್ಲಾ?”

“ಎಲ್ಲಾರ್ಗಿಂತ ಕೆಳಗಿರದು ಅವ್ವ.”

“ನೀನು ಕಲ್ಸ್ದಂಗೇ ಬರ್ದವ್ರಾ?”

“ಊಂ. ಅಂಗೇ ಅದ.”

ಅಷ್ಟರಲ್ಲಿ ಊರ ಹೆಂಗಸೊಬ್ಬಳು ಹೆಗಲಿಗೆ ಹಗ್ಗ ಹಾಕಿಕೊಂಡು ಬಂದಳು. ಅವ್ವ ಕಲ್ಲಿನಿಂದ ಕಣ್ಣು ತೆಗೆದು, ಮಡಕೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು.

“ಒಸಿ ನೀರ ಬುಡ್ರವ್ವಾ,” ಅಂದಳು.